ಆಮೇಲೆ ಬನ್ನಿ ಎನ್ನುವ ಸರ್ವರ್



ಕೈತುಂಬ ಕೆಲಸವಿರುವಾಗ ಅಪರಿಚಿತರು ಬೆಲ್ ಮಾಡಿದರೆ "ಆಮೇಲೆ ಬನ್ನಿ" ಎನ್ನುತ್ತೇವಲ್ಲ? ನಿಜವಾಗಿ ಕೆಲಸವಿದ್ದವರು ಮತ್ತೆ ಬರುತ್ತಾರೆ. ಮನೆಮನೆ ತಿರುಗಿ ಮಾರುವವರು ಮುಂದೆ ಹೋಗುತ್ತಾರೆ. 2003ರಲ್ಲಿ ಇವಾನ್ ಹ್ಯಾರಿಸ್ ಸೂಚಿಸಿದ ಗ್ರೇಲಿಸ್ಟಿಂಗ್ ಕೂಡ ಇಷ್ಟೇ. ಕಳುಹಿಸುವ ಸರ್ವರ್‌ನ ಐಪಿ, ಕಳುಹಿಸಿದವರ ವಿಳಾಸ, ಪಡೆಯುವವರ ವಿಳಾಸ, ಈ ಮೂರೂ ಸೇರಿದ ಗುರುತು ಹೊಸದಾದರೆ ನಮ್ಮ ಸರ್ವರ್ 451ರಂಥ ತಾತ್ಕಾಲಿಕ ನಿರಾಕರಣೆ ಕೊಡುತ್ತದೆ. ನಿಯಮ ಪಾಲಿಸುವ ಸರ್ವರ್ ಮತ್ತೆ ಕಳುಹಿಸುತ್ತದೆ. ಸ್ಪ್ಯಾಮ್ ಸುರಿಯುವ ಎಷ್ಟೋ ಪ್ರೋಗ್ರಾಂಗಳು ಮರುಪ್ರಯತ್ನಿಸುವುದಿಲ್ಲ.

ತೊಂದರೆಯೂ ಇದೆ. ಪೋಸ್ಟ್‌ಗ್ರೇ ಎಂಬ ತಂತ್ರಾಂಶ ಸಾಮಾನ್ಯವಾಗಿ ಕಾಯಿಸುವುದು 5 ನಿಮಿಷ. ಆದರೆ ಮತ್ತೆ ಯಾವಾಗ ಬರಬೇಕೆಂದು ತೀರ್ಮಾನಿಸುವುದು ಕಳುಹಿಸುವ ಸರ್ವರ್. ಅರ್ಧ ಗಂಟೆಯೂ ಆಗಬಹುದು. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಪ್ರತಿ ಸಲ ಬೇರೆ ಐಪಿಯಿಂದ ಬಂದರಂತೂ ಇನ್ನೂ ತಡ.

ಇಲ್ಲಿ ಕಾಯಬೇಕಾದವರು ಹೊಸಬರೇ. ಮಹಿಳಾ ವೇದಿಕೆಗೆ ಸಹಾಯ ಕೇಳಿ ಮೊದಲ ಸಲ ಬರೆಯುವ ಹೆಣ್ಣುಮಗಳೂ ಸರ್ವರ್‌ಗೆ ಅಪರಿಚಿತಳೇ. ಹಾಗಾಗಿ ನನ್ನದೊಂದು ಮನವಿ: ಸಹಾಯಕ್ಕೆಂದು ಇಟ್ಟ ಇಮೇಲ್ ವಿಳಾಸಕ್ಕೆ ಗ್ರೇಲಿಸ್ಟಿಂಗ್‌ನಿಂದ ವಿನಾಯಿತಿ ಕೊಡಿಸಿ. ನಾಲ್ಕು ಸ್ಪ್ಯಾಮ್ ಹೆಚ್ಚು ಬಂದರೆ ನಾವೇ ಅಳಿಸಿದರಾಯಿತು.