ಹಳೆಯದನ್ನು ನೋಡಿ ಕೊಳ್ಳೋಣ
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)





ಹೋದ ವಾರ ನಮ್ಮ ಕೇಂದ್ರದ ಒಬ್ಬ ಅಕ್ಕ ನನ್ನ ಹತ್ತಿರ ಬಂದರು. "ಮೇಷ್ಟ್ರೇ, ಹೊಲಿಗೆ ಮಿಷಿನ್ ತಗೋಬೇಕು. ಪೇಟೆಯಲ್ಲಿ ಕಂತಿನ ಮೇಲೆ ಹೊಸದು ಕೊಡ್ತಾರಂತೆ. ತಗೊಳ್ಳಲಾ?" ಅಂತ ಕೇಳಿದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಬಳಪ ತಗೊಳ್ಳಿ, ಲೆಕ್ಕ ಹಾಕೋಣ" ಅಂದೆ.

ಹೊಸ ಮಿಷಿನ್ ಬೆಲೆ 9,000 ರೂಪಾಯಿ. ಮೊದಲು ಕೈಯಿಂದ 1,500 ಕೊಡಬೇಕು. ಆಮೇಲೆ ತಿಂಗಳಿಗೆ 800ರಂತೆ 12 ಕಂತು. 12 ಕಂತು ಅಂದರೆ 9,600. ಅದಕ್ಕೆ 1,500 ಕೂಡಿಸಿ. 11,100 ಆಯ್ತು. ಅಂದರೆ 9,000ದ ಮಿಷಿನ್‌ಗೆ 2,100 ಹೆಚ್ಚಿಗೆ ಕೊಡಬೇಕು.

ಪಕ್ಕದ ಊರಿನಲ್ಲಿ ಒಬ್ಬರು ಹಳೇ ಮಿಷಿನ್ ಮಾರ್ತಾ ಇದ್ದರು. ಕಾಲಲ್ಲಿ ತುಳಿಯೋದು. ಬೆಲೆ 3,500. ಹೊಸ ಬೆಲ್ಟು ಹಾಕಿಸಿ, ಎಣ್ಣೆ ಬಿಟ್ಟು ಸರಿಮಾಡಿಸೋಕೆ 300. ಒಟ್ಟು 3,800. ಎರಡಕ್ಕೂ ಎಷ್ಟು ವ್ಯತ್ಯಾಸ? 7,300 ರೂಪಾಯಿ. ಒಂದು ರವಿಕೆ ಹೊಲಿದರೆ ಅಕ್ಕನಿಗೆ 100 ರೂಪಾಯಿ ಸಿಗುತ್ತೆ. ಹೊಸ ಮಿಷಿನ್ ತಂದಿದ್ದರೆ ಈ ವ್ಯತ್ಯಾಸ ತುಂಬೋಕೇ 73 ರವಿಕೆ ಹೊಲೀಬೇಕಿತ್ತು.

ಇದು ಆ ಅಕ್ಕನ ಲೆಕ್ಕ. ನಿಮ್ಮ ಊರಿನ ಬೆಲೆ ಬೇರೆ ಇರಬಹುದು. ಲೆಕ್ಕ ಹಾಕೋ ದಾರಿ ಇದೇ.

ಈ ಮಾತು ನಡೀತಿದ್ದಾಗ ಒಬ್ಬ ಅಜ್ಜಿ ಮೂಲೆಯಲ್ಲಿ ಕೂತು ಕೇಳ್ತಾ ಇದ್ದರು. ಎದ್ದು ನಿಂತು ಅಂದರು: "ಮಗಾ, ನಾವು ಚಿಕ್ಕೋರಿದ್ದಾಗ ಗೌಡರ ಮನೇಲಿ ದಿನವೆಲ್ಲಾ ದುಡೀತಿದ್ವಿ. ಕೂಲಿ ಬದಲು ಅವರು ಉಟ್ಟುಬಿಟ್ಟ ಸೀರೆ ಎಸೀತಿದ್ರು. ಬೊಗಸೆ ಒಡ್ಡಿ ತಗೋಬೇಕಿತ್ತು. ಈಗ ನೀನೂ ಹಳೇದನ್ನೇ ತಗೊಳ್ಳಿ ಅಂತೀಯಲ್ಲ?"

ನನಗೆ ತಕ್ಷಣ ಮಾತು ಹೊರಡಲಿಲ್ಲ. ಅಜ್ಜಿ ಕೇಳಿದ್ದು ನ್ಯಾಯವಾಗೇ ಇತ್ತು. ಕೂಲಿ ಕೊಡಬೇಕಾದ ಕಡೆ ಹಳೇ ಬಟ್ಟೆ ಕೊಡೋದು ಅನ್ಯಾಯ. ಅದನ್ನು ಯಾರೂ ತಗೋಬಾರದು. ಇವತ್ತಿಗೂ ಯಾರಾದರೂ ಹಾಗೆ ಕೊಟ್ಟರೆ "ನಮ್ಮ ಕೂಲಿ ದುಡ್ಡು ಕೊಡಿ" ಅಂತ ಕೇಳಿ. ಆದರೆ ನಮ್ಮ ದುಡ್ಡು ನಮ್ಮ ಕೈಯಲ್ಲಿ ಇಟ್ಟುಕೊಂಡು, ವಸ್ತುವನ್ನು ತಿರುಗಿಸಿ ನೋಡಿ, ಚೌಕಾಶಿ ಮಾಡಿ, ಬೇಕಾದರೆ ಕೊಂಡು, ಬೇಡವಾದರೆ ಬಿಟ್ಟು ಬರೋದು ಬೇರೆ. ಅಲ್ಲಿ ಬೊಗಸೆ ಒಡ್ಡೋದು ಇಲ್ಲ. ಇಷ್ಟು ಹೇಳಿದೆ. ಅಜ್ಜಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಸುಮ್ಮನೆ ಕೂತರು.

ನಿಜ ಹೇಳಬೇಕೆಂದರೆ ಹಳೆಯದನ್ನು ಕೊಳ್ಳೋದು ನಮಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೀರಿ ತಾನೇ? ಅಲ್ಲಿ ಕೊಳ್ಳೋ ಎತ್ತು ಇನ್ನೊಬ್ಬರ ಹೊಲ ಉತ್ತಿದ್ದೇ ಅಲ್ವಾ! ಅದಕ್ಕೆ ಯಾರೂ ನಾಚಿಕೆ ಪಡಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸ್ತೀವಿ. ಸುಳಿ ನೋಡ್ತೀವಿ. ನಾಲ್ಕು ಹೆಜ್ಜೆ ನಡೆಸ್ತೀವಿ. ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ ಇದ್ದರೆ ತೂಕ ಹಾಕ್ತೀವಿ, ಕಲಾಯಿ ಹಾಕಿಸಿ ಮತ್ತೆ ಇಪ್ಪತ್ತು ವರ್ಷ ಬಳಸ್ತೀವಿ. ಆ ಕಣ್ಣು ನಮಗಿದೆ. ಅದನ್ನೇ ಬೇರೆ ಸಾಮಾನಿಗೂ ಬಳಸಬೇಕು.

ಹೊಲಿಗೆ ಮಿಷಿನ್ ಆದರೆ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ತಡೀಬಾರದು, ಕಟಕಟ ಅನ್ನಬಾರದು. ನಿಮ್ಮದೇ ಬಟ್ಟೆ ಚೂರು ತಗೊಂಡು ಹೋಗಿ. ಎರಡು ಮಡಿಕೆ ಮಾಡಿ ಒಂದು ಗೇಣು ಹೊಲಿದು ನೋಡಿ. ಹೊಲಿಗೆ ಮೇಲೂ ಕೆಳಗೂ ಒಂದೇ ತರಹ ಇರಬೇಕು. ಬಾಬಿನ್ ಕೇಸು ಸವೆದಿದೆಯಾ ನೋಡಿ.

ಸೈಕಲ್ ಆದರೆ ಎತ್ತಿ ಹಿಡಿದು ಚಕ್ರ ತಿರುಗಿಸಿ. ರಿಮ್ಮು ಓಲಾಡಿದರೆ ಸೊಟ್ಟ ಆಗಿದೆ ಅಂತ ಅರ್ಥ. ಟೈರು, ಚೈನು, ಬ್ರೇಕ್ ರಬ್ಬರು ಸವೆದಿದ್ದರೆ ಚಿಂತೆ ಇಲ್ಲ, ಬದಲಾಯಿಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಕಳೀರಿ. ಆದರೆ ಫ್ರೇಮಿನ ಕೊಳವೆಗೆ ಬೆಸುಗೆ ಹಾಕಿದ್ದರೆ, ಬಿರುಕು ಇದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಕಬ್ಬಿಣದ ಮಂಚ, ಬೀರು, ಕುರ್ಚಿ, ಬೆಂಚು ಇವೆಲ್ಲ ಧೈರ್ಯವಾಗಿ ಕೊಳ್ಳಬಹುದು. ಮರದ್ದಾದರೆ ಗೆದ್ದಲು ಹಿಡಿದಿದೆಯಾ ಅಂತ ಅಡಿಭಾಗ ತಟ್ಟಿ ನೋಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಸಿಗುತ್ತೆ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಪುಸ್ತಕದ ಖರ್ಚು ಶುರುವಾಗುತ್ತೆ. ಆಗ ಮೇಲಿನ ತರಗತಿಗೆ ಹೋದ ಮಕ್ಕಳಿಂದ ಅರ್ಧ ಬೆಲೆಗೆ ಕೊಳ್ಳಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಕ್ಕೇ ಸಾಲು ಅಂಗಡಿಗಳಿವೆ. ಆದರೆ ಪಾಠ ಬದಲಾಗಿದೆಯಾ ಅಂತ ಮೊದಲು ಕೇಳಿ, ಅಚ್ಚಾದ ವರ್ಷ ಓದಿ.

ಬಟ್ಟೆ ವಿಷಯ. ಸತ್ತವರ ಬಟ್ಟೆ, ರೋಗಿಯ ಬಟ್ಟೆ ಇರಬಹುದು ಅಂತ ಕೆಲವರಿಗೆ ಮನಸ್ಸು ಒಪ್ಪಲ್ಲ. ಒಪ್ಪದಿದ್ದರೆ ಬಿಡಿ, ಬಲವಂತ ಇಲ್ಲ. ಕೊಂಡರೆ ಕುದಿಯುವ ನೀರಲ್ಲಿ ನೆನೆಸಿ, ಒಗೆದು, ಬಿಸಿಲಲ್ಲಿ ಒಣಗಿಸಿ. ಆದರೆ ಒಂದು ಲೆಕ್ಕ ಕೇಳಿ. ಒಂದು ಹತ್ತಿ ಅಂಗಿ ತಯಾರಾಗಲು, ಹತ್ತಿ ಬೆಳೆಯೋದರಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಬೇಕು ಅಂತ ತಿಳಿದವರು ಅಂದಾಜು ಮಾಡಿದ್ದಾರೆ. ನಮ್ಮ ಪ್ಲಾಸ್ಟಿಕ್ ಕೊಡಕ್ಕೆ 15 ಲೀಟರ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. ಎಷ್ಟು ಕೊಡ ಆಯ್ತು? 180 ಕೊಡ. ಬೇಸಿಗೆಯಲ್ಲಿ ನಲ್ಲಿ ಮುಂದೆ ಸಾಲು ನಿಲ್ಲೋ ನಮಗೆ ಒಂದು ಕೊಡದ ಬೆಲೆ ಗೊತ್ತು. ಅಂಥ ಅಂಗಿಯನ್ನು ಒಂದು ಗುಂಡಿ ಕಿತ್ತು ಹೋಯ್ತು ಅಂತ ತಿಪ್ಪೆಗೆ ಹಾಕ್ತೀವಲ್ಲ! ಉತ್ತರ ಕರ್ನಾಟಕದ ತಾಯಂದಿರು ಹರಿದ ಸೀರೆಯನ್ನೂ ಬಿಡಲ್ಲ. ಪದರ ಪದರ ಸೇರಿಸಿ ಕೌದಿ ಹೊಲೀತಾರೆ.

ಈಗ ಯಾವುದನ್ನು ಕೊಳ್ಳಬಾರದು ಅಂತ ಹೇಳ್ತೀನಿ. ಇಲ್ಲಿ ನನ್ನದೇ ತಪ್ಪು ಒಂದಿದೆ.

ಮೂರು ವರ್ಷದ ಹಿಂದೆ ಗುಜರಿ ಅಂಗಡಿಯಿಂದ ನೀಲಿ ಡ್ರಮ್ಮು ತಂದೆ. 600 ರೂಪಾಯಿ. ಹೊಸದಕ್ಕೆ ಮೂರು ಪಟ್ಟು. ನಾನು ಬಲು ಜಾಣ ಅಂದುಕೊಂಡೆ. ಸೋಪು ಹಾಕಿ ಉಜ್ಜಿ, ಎರಡು ದಿನ ಬಿಸಿಲಿಗಿಟ್ಟು, ಕುಡಿಯೋ ನೀರು ತುಂಬಿಸಿದೆ. ಮಧ್ಯಾಹ್ನ ಬಿಸಿಲೇರಿದಾಗ ನೀರಿಗೆ ಔಷಧಿ ವಾಸನೆ ಬಂತು. ನನ್ನ ಮಗಳು "ಅಪ್ಪಾ, ಇದರ ಮೇಲೆ ಏನೋ ಬರೆದಿದೆ" ಅಂದಳು. ತಳದ ಹತ್ತಿರ ಅರ್ಧ ಹರಿದ ಚೀಟಿ ಅಂಟಿಕೊಂಡಿತ್ತು. ಕಾರ್ಖಾನೆಯ ರಾಸಾಯನಿಕದ ಡ್ರಮ್ಮು. ಊರಿಗೆಲ್ಲಾ ಓದು ಕಲಿಸೋ ನಾನು ಅದನ್ನು ಓದಿರಲಿಲ್ಲ. ನೀರು ಚೆಲ್ಲಿದೆವು. ಪುಣ್ಯಕ್ಕೆ ಯಾರೂ ಕುಡಿದಿರಲಿಲ್ಲ. ಪ್ಲಾಸ್ಟಿಕ್ಕು ಒಳಗಿನ ವಿಷವನ್ನು ಹೀರಿಕೊಳ್ಳುತ್ತೆ. ತೊಳೆದರೆ ಪೂರ್ತಿ ಹೋಗಲ್ಲ.

ಬೆಳೆಗೆ ಹೊಡೆಯೋ ಔಷಧಿ ಡಬ್ಬವೂ ಹೀಗೇ. ಅದರ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕದ ಗುರುತು ಇರುತ್ತೆ. ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಇದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಆಮೇಲೆ ಹಸಿರು. ಹಸಿರು ಅಂದರೆ ಒಳ್ಳೇದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಅದೂ ವಿಷವೇ, ಸ್ವಲ್ಪ ಕಡಿಮೆ ಅಷ್ಟೆ. ಈ ಗುರುತು ಇದ್ದ ಡಬ್ಬದಲ್ಲಿ ಸೀಮೆಎಣ್ಣೆಯನ್ನೂ ಇಡಬೇಡಿ, ಎಣ್ಣೆ, ಕಾಳು, ನೀರು ಅಂತೂ ಬೇಡವೇ ಬೇಡ.

ಗ್ಯಾಸ್ ಒಲೆ ಹಳೆಯದು ಕೊಂಡರೂ ರಬ್ಬರ್ ಪೈಪು ಹೊಸದೇ ಹಾಕಿಸಿ. ಅದನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹೆಲ್ಮೆಟ್ಟು ಹಳೆಯದು ಬೇಡ. ಒಮ್ಮೆ ಬಿದ್ದು ಒಳಗೆ ಸೀಳಿದ್ದರೆ ಕಣ್ಣಿಗೆ ಕಾಣಲ್ಲ.

ಇನ್ನು ಮೊಬೈಲು. ಸಂತೆಯಲ್ಲಿ ಯಾರೋ ಬಂದು ಗುಟ್ಟಾಗಿ "500ಕ್ಕೆ ಕೊಡ್ತೀನಿ" ಅಂದರೆ ಅಲ್ಲಿಂದ ಹೊರಡಿ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಂಡರೆ ಅಪರಾಧ. ಗೊತ್ತಿಲ್ಲದೆ ಕೊಂಡರೂ ಪೊಲೀಸರು ಫೋನು ತಗೊಂಡು ಹೋಗ್ತಾರೆ, ನಮ್ಮ ದುಡ್ಡು ಹೋದ ಹಾಗೇ. ಕೊಳ್ಳೋ ಮುಂಚೆ ಆ ಫೋನಿನಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ. 15 ಅಂಕಿಯ ಒಂದು ಸಂಖ್ಯೆ ಬರುತ್ತೆ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಂತ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳಿಸಿ. ಫೋನಿನ ವಿವರ ಬರುತ್ತೆ. ಕಳವಾಗಿದೆ ಅಂತ ತಡೆಹಿಡಿದ ಫೋನಾದರೆ ಅದೂ ಗೊತ್ತಾಗುತ್ತೆ.

ಕೊನೆಗೆ ಚೀಟಿ ಬರೆಸಿಕೊಳ್ಳೋದು. ನಮ್ಮ ಅಕ್ಕ ಮಿಷಿನ್ ತರಲು ಹೋದಾಗ ಮಾರುವವರು "ಚೀಟಿ ಯಾಕಮ್ಮಾ, ನಂಬಿಕೆ ಇಲ್ವಾ?" ಅಂದರಂತೆ. ಅಕ್ಕ "ನಂಬಿಕೆ ಇದೆ ಅಣ್ಣಾ, ನಾನು ಬರೆಯೋದು ಕಲ್ತಿದ್ದೀನಿ, ಅದಕ್ಕೆ" ಅಂದು ತಾವೇ ಕೂತು ಬರೆದರು. ಆ ಚೀಟಿ ಹೀಗಿತ್ತು:

"ಹೊಲಿಗೆ ಮಿಷಿನ್ ಒಂದು, ಕಬ್ಬಿಣದ ಸ್ಟ್ಯಾಂಡ್ ಸಮೇತ. ಮಿಷಿನ್ ನಂಬರು ಇಷ್ಟು. 3,500 ರೂಪಾಯಿ ಪೂರ್ತಿ ಸಂದಾಯವಾಗಿದೆ. ಈ ಮಿಷಿನ್ ನನ್ನ ಸ್ವಂತದ್ದು, ಇದರ ಮೇಲೆ ಸಾಲ ಇಲ್ಲ. ಒಂದು ವಾರದೊಳಗೆ ಕೆಟ್ಟರೆ ಸರಿಮಾಡಿಸಿ ಕೊಡುತ್ತೇನೆ. ತಾರೀಖು. ಮಾರಿದವರ ಹೆಸರು, ಊರು, ಸಹಿ. ಕೊಂಡವರ ಸಹಿ. ಸಾಕ್ಷಿ ಒಬ್ಬರು."

"ಸಂದಾಯ" ಅನ್ನೋ ಪದದಲ್ಲಿ ಸೊನ್ನೆ ಬಿಟ್ಟುಹೋಗಿತ್ತು. ಪರವಾಗಿಲ್ಲ. ಚೀಟಿ ಚೀಟಿಯೇ. ಐದನೇ ದಿನ ಮಿಷಿನ್ ದಾರ ಕಡಿಯೋಕೆ ಶುರುವಾಯ್ತು. ಅಕ್ಕ ಚೀಟಿ ಹಿಡಿದು ಹೋದರು. ಅವರು ತಕರಾರಿಲ್ಲದೆ ಬಾಬಿನ್ ಕೇಸು ಬದಲಾಯಿಸಿಕೊಟ್ಟರು.

ನಾಳೆ ಬರುವಾಗ ಎಲ್ಲರೂ ನಿಮ್ಮ ಮನೆಯ ಅಟ್ಟದ ಮೇಲೆ ಸುಮ್ಮನೆ ಬಿದ್ದಿರೋ ಒಂದು ಸಾಮಾನಿನ ಹೆಸರು ಸ್ಲೇಟಿನ ಮೇಲೆ ಬರೆದು ತನ್ನಿ. ಎಷ್ಟಕ್ಕೆ ಕೊಡ್ತೀರಿ ಅಂತಲೂ ಬರೀರಿ. ಅಜ್ಜಿ, ನೀವೂ ಬನ್ನಿ. ನಿಮ್ಮ ಹತ್ತಿರ ಬೀಸೋ ಕಲ್ಲು ಇದೆ ಅಂತ ಕೇಳಿದ್ದೀನಿ. ಬೆಲೆ ನೀವೇ ಹೇಳಬೇಕು.