ದನದ ಮೈಯೊಳಗಿನ ಬಸಿಗಾಲುವೆ
(ಪಳನಿಯ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಹೋದ ವಾರ ನಾವು ‘ದ’ ಅಕ್ಷರ ಕಲಿತೆವು. ದನ, ದಾರಿ, ದೊಡ್ಡಿ ಅಂತ ಬರೆದೆವು. ಆಗ ಒಬ್ಬ ಅಕ್ಕ ಕೇಳಿದರು: “ನಮ್ಮ ಕರುವಿನ ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು ಬಂದಿದೆ. ಬರೆ ಹಾಕಿಸಲಾ?” ಬೇಡ, ಇವತ್ತೇ ಡಾಕ್ಟರಿಗೆ ತೋರಿಸಿ ಅಂದೆ. “ಯಾಕೆ?” ಅಂದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುವಾಗ ‘ದ’ ಅಕ್ಷರದ ಇನ್ನೊಂದು ಪದವನ್ನೂ ಕಲಿಯೋಣ. ನಿಧಾನವಾಗಿ ಓದಿ: ದು-ಗ್ಧ-ರ-ಸ. ದುಗ್ಧರಸ.

ಕಂಬಂ ಕಣಿವೆಯ ಗದ್ದೆಗಳನ್ನು ನೀವು ನೋಡಿದ್ದೀರಿ. 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಅಲ್ಲಿಗೆ ಬರುತ್ತದೆ. ಗದ್ದೆಗೆ ನೀರು ಬಂದರೆ ಸಾಲದು. ಹೆಚ್ಚಾದ ನೀರು ಬಸಿದು ಹೋಗಲೂಬೇಕು. ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಅದಕ್ಕೇ ಬಸಿಗಾಲುವೆ ತೋಡುತ್ತೇವೆ.

ದನದ ಮೈಯೊಳಗೂ ಹೀಗೆಯೇ ಇದೆ. ಹೃದಯವು ರಕ್ತವನ್ನು ಮೈಗೆಲ್ಲ ಕಳಿಸುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಸ್ವಲ್ಪ ಹೊರಗೆ ಜಿನುಗುತ್ತದೆ. ಅದರಲ್ಲಿ ಮಾಂಸಕ್ಕೆ ಬೇಕಾದ ಆಹಾರ ಇರುತ್ತದೆ. ಹೀಗೆ ಜಿನುಗಿ ಉಳಿದ ನೀರನ್ನು ಬೇರೆ ನಾಳಗಳು ಹೀರಿಕೊಳ್ಳುತ್ತವೆ. ಆ ನಾಳಗಳೇ ದುಗ್ಧನಾಳಗಳು. ಅದರೊಳಗೆ ಹರಿಯುವ ನೀರೇ ದುಗ್ಧರಸ. ಈ ಸಣ್ಣ ಕಾಲುವೆಗಳು ಸೇರಿ ದೊಡ್ಡದಾಗುತ್ತವೆ. ಕೊನೆಗೆ ಕತ್ತಿನ ಬುಡದ ಹತ್ತಿರ ದೊಡ್ಡ ರಕ್ತನಾಳವನ್ನು ಸೇರುತ್ತವೆ. ಬಸಿದ ನೀರು ಮತ್ತೆ ರಕ್ತಕ್ಕೇ ಬಂತು!

ದುಗ್ಧ ಅಂದರೆ ಹಾಲು. ಈ ಹೆಸರು ಯಾಕೆ? ಕರು ಹಾಲು ಕುಡಿದ ಮೇಲೆ ಕರುಳಿನ ದುಗ್ಧನಾಳಗಳಲ್ಲಿ ಕೊಬ್ಬು ಸೇರಿ ಅವು ಬೆಳ್ಳಗೆ ಕಾಣುತ್ತವೆ. 1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೊ ಅಸೆಲ್ಲಿ ಅವರು ಆಹಾರ ತಿಂದಿದ್ದ ನಾಯಿಯ ಹೊಟ್ಟೆಯಲ್ಲಿ ಇಂಥ ಬಿಳಿ ನಾಳಗಳನ್ನು ಕಂಡರು.

ಕಪ್ಪೆಗೆ ದುಗ್ಧರಸ ದೂಡಲು ಬೇರೆ ಪುಟ್ಟ ಹೃದಯಗಳೇ ಇವೆ. ದನಕ್ಕೆ ಇಲ್ಲ. ದನ ನಡೆದಾಗ, ಉಸಿರಾಡಿದಾಗ ಮಾಂಸ ಅದುಮಿ ರಸ ಮುಂದೆ ಹೋಗುತ್ತದೆ. ನಾಳದ ಒಳಗೆ ಪುಟ್ಟ ಕವಾಟಗಳಿವೆ, ರಸವನ್ನು ಹಿಂದಕ್ಕೆ ಬಿಡುವುದಿಲ್ಲ. ಆದ್ದರಿಂದ ದನವನ್ನು ದಿನವೆಲ್ಲ ಕಟ್ಟಿಹಾಕಬೇಡಿ. ಸ್ವಲ್ಪ ನಡೆಸಿ.

ಈಗ ಗಂಟಿನ ವಿಷಯಕ್ಕೆ ಬರೋಣ. ಕಾಲುವೆಯ ದಾರಿಯಲ್ಲಿ ಅಲ್ಲಲ್ಲಿ ಕಾವಲು ಚೌಕಿಗಳಿವೆ. ಅವೇ ದುಗ್ಧಗ್ರಂಥಿಗಳು. ದವಡೆಯ ಕೆಳಗೆ, ಭುಜದ ಮುಂದೆ, ತೊಡೆಯ ಮುಂದಿನ ಮಡಿಕೆಯಲ್ಲಿ, ಕೆಚ್ಚಲಿನ ಹಿಂದೆ ಮೇಲ್ಭಾಗದಲ್ಲಿ ಇವೆ. ರಸದಲ್ಲಿ ರೋಗದ ಕ್ರಿಮಿ ಬಂದರೆ ಅಲ್ಲಿರುವ ಬಿಳಿ ರಕ್ತಕಣಗಳು ಅದನ್ನು ತಡೆದು ಹೋರಾಡುತ್ತವೆ. ಆಗ ಗ್ರಂಥಿ ಊದುತ್ತದೆ. ಕೆಚ್ಚಲು ಬಾವು ಬಂದರೆ ಕೆಚ್ಚಲಿನ ಗ್ರಂಥಿ ಊದುತ್ತದೆ. ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರದಲ್ಲಿ ಭುಜದ ಮುಂದಿನ ಗ್ರಂಥಿ ಊದುತ್ತದೆ. ಆ ಕ್ರಿಮಿ ಕಾವಲುಗಾರರಾದ ಬಿಳಿ ಕಣಗಳ ಒಳಗೇ ಹೊಕ್ಕು ಬೆಳೆಯುತ್ತದೆ.

ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಮನೆಯ ಸೀಮೆ ಕರುವಿಗೆ ಹೀಗೇ ಗಂಟು ಬಂತು. ಜ್ವರ ಇತ್ತು, ಕಿವಿಯ ತುಂಬ ಉಣ್ಣೆ ಇತ್ತು. ಅಪ್ಪ ಗಂಟಿನ ಮೇಲೆ ಬರೆ ಹಾಕಿಸಿದರು. ನಾನೇ ಕರುವಿನ ಕಾಲು ಹಿಡಿದಿದ್ದೆ. ನಾಲ್ಕನೇ ದಿನ ಕರು ಸತ್ತಿತು. ಅಪ್ಪನಿಗೆ ಕರುವಿನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಗಂಟೇ ರೋಗ ಅಂದುಕೊಂಡರು, ಅಷ್ಟೇ. ಗಂಟು ರೋಗವಲ್ಲ. ಒಳಗೆ ರೋಗ ಇದೆ ಅಂತ ಕೂಗುವ ಕಾವಲುಗಾರ. ಕಾವಲುಗಾರನನ್ನು ಸುಟ್ಟರೆ ಕಳ್ಳ ಓಡುತ್ತಾನಾ? ಈ ಜ್ವರಕ್ಕೆ ಔಷಧಿ ಇದೆ, ಆದರೆ ಬೇಗ ಕೊಡಿಸಬೇಕು. ಬರೆಯ ಗಾಯಕ್ಕೆ ನೊಣ ಮುತ್ತುತ್ತದೆ, ದಿನವೂ ಹಾಳಾಗುತ್ತದೆ.

ಮೈತುಂಬ ಚರ್ಮದ ಮೇಲೆ ಗಂಟು ಎದ್ದರೆ ಅದು ಬೇರೆ. ಚರ್ಮಗಂಟು ರೋಗ ಇರಬಹುದು. 2022ರಲ್ಲಿ ಅದು ದೇಶದ ಹಲವು ರಾಜ್ಯಗಳಲ್ಲಿ ಹರಡಿತು. ಅದರಲ್ಲೂ ಈ ಗ್ರಂಥಿಗಳು ಊದುತ್ತವೆ. ಅಂಥ ದನವನ್ನು ಬೇರೆ ಕಟ್ಟಿ, ಡಾಕ್ಟರಿಗೆ ಹೇಳಿ. ಪಶು ಆಂಬುಲೆನ್ಸ್‌ಗೆ 1962 ನಂಬರಿಗೆ ಫೋನ್ ಮಾಡಬಹುದು. ನಂಬರನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಕಂಬಂನಲ್ಲಿ ಕನ್ನಡ ಮಾತಾಡುವ ಒಕ್ಕಲಿಗ ಕಪ್ಪಿಲಿಯರು ‘ತಂಬಿರಾನ್ ಮಾಡು’ ಅಂತ ದೇವರ ದನಗಳನ್ನು ಸಾಕುತ್ತಾರೆ. ಮಾಟ್ಟುಪ್ಪೊಂಗಲ್ ದಿನ ಜನ ಸೇರಿ ಪೂಜೆ ಮಾಡುತ್ತಾರೆ. ದನಕ್ಕೆ ಕೈಮುಗಿಯುವುದು ನಮಗೆ ಗೊತ್ತು. ಅದೇ ಕೈಯಿಂದ ಅದರ ಮೈ ಮುಟ್ಟಿ ನೋಡುವುದನ್ನೂ ಕಲಿಯೋಣ.

ಹೋದ ವಾರ ಕೇಳಿದ ಅಕ್ಕ ಅವತ್ತೇ ಡಾಕ್ಟರಿಗೆ ತೋರಿಸಿದರು. ಕರು ಎದ್ದು ಹಾಲು ಕುಡಿಯುತ್ತಿದೆಯಂತೆ.

ಈ ವಾರದ ಮನೆಗೆಲಸ: ನಿಮ್ಮ ದನ ಚೆನ್ನಾಗಿರುವಾಗಲೇ ಅದರ ಭುಜದ ಮುಂದೆ ಎರಡೂ ಕಡೆ ಮುಟ್ಟಿ ನೋಡಿ. ಕಿವಿಯಲ್ಲಿ ಉಣ್ಣೆ ಹುಡುಕಿ. ಕಂಡದ್ದನ್ನು ಎರಡು ಸಾಲು ಬರೆದು ತನ್ನಿ. ತಪ್ಪಾದರೂ ಪರವಾಗಿಲ್ಲ, ಬರೆಯಿರಿ.