ಪೂಕೋಡು ಕೆರೆಗೆ ಹೊಸ ಮೀನು ಬೇಡ



ನಾನು ಜೀವಶಾಸ್ತ್ರ ಓದಿದವನಲ್ಲ. ಬಿ.ಕಾಂ ಮುಗಿಸಿ ಬ್ಯಾಂಕಿನ ಕೌಂಟರ್‌ನಲ್ಲಿ ಕೂರುವವನು. ಕೆರೆ ಬಗ್ಗೆ ಮಾತಾಡಿ ಅಂತ ಕರೆದಾಗ ಒಪ್ಪಿಕೊಂಡೆ, ಯಾಕಂದ್ರೆ ಇದರಲ್ಲಿ ಅರ್ಧ ವಿಷಯ ಲೆಕ್ಕದ್ದು. ಲೆಕ್ಕ ನನಗೆ ಬರುತ್ತೆ.

ವಯನಾಡಿನವರಿಗೆ ಪೂಕೋಡು ಕೆರೆ ಗೊತ್ತು. ಕಾಸರಗೋಡು, ತಾಳವಾಡಿ ಕಡೆಯವರಿಗಾಗಿ ಎರಡು ಮಾತು. ವೈತ್ತಿರಿ ಹತ್ತಿರ, ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಗುಡ್ಡಗಳ ನಡುವೆ ತಾನಾಗಿಯೇ ಆದ ಸಿಹಿನೀರಿನ ಕೆರೆ. ಯಾವ ರಾಜನೂ ಕಟ್ಟಿಸಿದ್ದಲ್ಲ. ವಿಸ್ತೀರ್ಣ ಸುಮಾರು 8.5 ಹೆಕ್ಟೇರ್, ಅಂದರೆ 21 ಎಕರೆ. ಭಾರತದ ನಕ್ಷೆಯ ಆಕಾರ ಅಂತ ಪ್ರವಾಸಿಗರಿಗೆ ಹೇಳ್ತಾರೆ. ನಾನಂತೂ ಎಷ್ಟು ಕತ್ತು ತಿರುಗಿಸಿ ನೋಡಿದರೂ ಹಾಗೆ ಕಂಡಿಲ್ಲ. ಇಲ್ಲಿಂದ ಹೊರಟ ನೀರು ಪನಮರಂ ಹೊಳೆಯಾಗಿ, ಕಬಿನಿಯಾಗಿ, ಎಚ್.ಡಿ. ಕೋಟೆ ತಾಲೂಕಿನ ಜಲಾಶಯ ದಾಟಿ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತೆ. ಹಾಗಾಗಿ ಪೂಕೋಡಿನಲ್ಲಿ ಬಿಟ್ಟದ್ದು ಪೂಕೋಡಿನಲ್ಲೇ ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲ. ನೀರಿಗೆ ಚೆಕ್‌ಪೋಸ್ಟ್ ಇಲ್ಲವಲ್ಲ.

ಈ ಕೆರೆಯಲ್ಲಿ ಬೆರಳುದ್ದವೂ ಇಲ್ಲದ ಒಂದು ಮೀನಿದೆ. ಮಲಯಾಳದಲ್ಲಿ 'ಪರಲ್' ಅಂತಾರಲ್ಲ, ಆ ಜಾತಿಯದ್ದು. 2007ರಲ್ಲಿ ಕೇರಳದ ವಿಜ್ಞಾನಿಗಳು ಇದು ಬೇರೆಯೇ ಪ್ರಭೇದ ಅಂತ ಗುರುತಿಸಿ ಕೆರೆಯ ಹೆಸರನ್ನೇ ಇಟ್ಟರು. ಈಗ ಅದನ್ನು 'ಪೆಥಿಯಾ ಪೂಕೋಡೆನ್ಸಿಸ್' ಅಂತಾರೆ. ಅದು ಇರೋದು ಈ ಕೆರೆಯಲ್ಲಿ ಅಂತಲೇ ದಾಖಲೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರೋದು ಅತಿ ಹೆಚ್ಚಿನ ಅಪಾಯದ ದರ್ಜೆ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ, ಇಡೀ ವಂಶದ ಠೇವಣಿ ಒಂದೇ ಶಾಖೆಯಲ್ಲಿದೆ. ಇನ್ಶೂರೆನ್ಸ್ ಇಲ್ಲ.

ಇಂಥ ಕೆರೆಗೆ ಯಾರು ಕೇಡು ಮಾಡ್ತಾರೆ? ಕೆಟ್ಟವರು ಅಂದ್ಕೋಬೇಡಿ. ಊರು ಬಿಟ್ಟು ಹೋಗುವಾಗ ಅಕ್ವೇರಿಯಂ ಮೀನು ಸಾಯೋದು ಬೇಡ ಅಂತ ಕರುಣೆಯಿಂದ ತಂದು ಬಿಡುವವರು. ಹರಕೆ ಹೊತ್ತು ಆಮೆ ಬಿಡುವವರು. ನಾಲ್ಕು ಜನಕ್ಕೆ ಮೀನು ಸಿಗಲಿ ಅಂತ ಮರಿ ತಂದು ಸುರಿಯುವವರು. ತಿಲಾಪಿಯಾ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ, ಹೊಟ್ಟೆ ತುಂಬಿಸೋಕೆ. ಹೆಣ್ಣು ಮೀನು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟು ಕಾಪಾಡುತ್ತೆ. ನೀರಲ್ಲಿ ಮೊಟ್ಟೆ ಉದುರಿಸಿ ಹೋಗುವ ನಮ್ಮ ಸಣ್ಣ ಮೀನು ಅದರೆದುರು ಎಲ್ಲಿ ನಿಲ್ಲುತ್ತೆ? ಗ್ಯಾಂಬೂಸಿಯಾ ಬಂದದ್ದು 1928ರಲ್ಲಿ, ಸೊಳ್ಳೆ ಮರಿ ತಿನ್ನಲಿ ಅಂತ. ಅದು ಸೊಳ್ಳೆ ಮರಿಯ ಜೊತೆಗೆ ಬೇರೆ ಮೀನುಗಳ ಮರಿ, ಕಪ್ಪೆಯ ಗೊದಮೊಟ್ಟೆಗಳನ್ನೂ ಬಿಡೋದಿಲ್ಲ. ತಮಾಷೆ ಏನಂದ್ರೆ ಸೊಳ್ಳೆ ಮರಿ ತಿನ್ನುವ ಮೀನು ನಮ್ಮಲ್ಲೇ ಇದೆ. ತಲೆ ಮೇಲೆ ಹೊಳೆಯುವ ಚುಕ್ಕೆ ಇರೋದು, ಮಲಯಾಳದಲ್ಲಿ 'ಮಾನತ್ತುಕಣ್ಣಿ' ಅಂತಾರೆ, ಆಕಾಶ ನೋಡೋ ಕಣ್ಣಿನದು ಅಂತ. ಗದ್ದೆ ಬದಿಯ ತೋಡಿನಲ್ಲೇ ಸಿಗುತ್ತೆ, ಪುಕ್ಕಟೆ.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯ ಬೇರೆ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕಳ್ಳದಾರಿಯಲ್ಲಿ ಹೊಂಡಗಳಲ್ಲಿ ಬೆಳೆಸ್ತಾರೆ. ಕಾಸರಗೋಡಿನ ಕಡೆಯ ಮುಗುಡು ಮೀನಿಗೆ ದೂರದ ದಾಯಾದಿ, ಆದರೆ ಗಾತ್ರದಲ್ಲಿ, ಹೊಟ್ಟೆಬಾಕತನದಲ್ಲಿ ಹೋಲಿಕೆಯೇ ಇಲ್ಲ. ಹೊಂಡದ ಮೀನು ಹೊಂಡದಲ್ಲೇ ಇರುತ್ತೆ ಅಂತ ವಾದ ಮಾಡುವವರಿಗೆ 2018ರ ಪ್ರವಾಹ ನೆನಪಿಸಿ. ಆ ಮಳೆಗಾಲ ಮುಗಿದ ಮೇಲೆ ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿದ್ದದ್ದು ಅಮೆಜಾನಿನ ಅರಪೈಮಾ!

ಈಗ ಲೆಕ್ಕಕ್ಕೆ ಬರೋಣ. ಅಂತರಗಂಗೆ ಅಂತ ನಾವು ಕರೆಯುವ, ಇಲ್ಲಿಯವರು 'ಕುಳವಾಳ' ಅನ್ನುವ ನೇರಳೆ ಹೂವಿನ ಕಳೆ ಇದೆಯಲ್ಲ, ಅದು ದಕ್ಷಿಣ ಅಮೆರಿಕದ್ದು. ಹೂವು ಚೆನ್ನಾಗಿದೆ ಅಂತ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ತಂದರು. ಬಿಸಿಲು, ಗೊಬ್ಬರದ ನೀರು ಎರಡೂ ಸಿಕ್ಕರೆ ಸುಮಾರು ಎರಡು ವಾರಕ್ಕೆ ದುಪ್ಪಟ್ಟಾಗುತ್ತೆ. ಪೂಕೋಡಿನಷ್ಟು ದೊಡ್ಡ ಕೆರೆಯ ಮೂಲೆಯಲ್ಲಿ ಒಂದು ಚದರ ಮೀಟರ್ ಕಳೆ ಬಿತ್ತು ಅಂದ್ಕೊಳ್ಳಿ. 24 ವಾರ ಕಳೆದರೂ ಅದು 4,096 ಚದರ ಮೀಟರ್, ಸುಮಾರು ಒಂದು ಎಕರೆ. 21 ಎಕರೆಯಲ್ಲಿ ಒಂದೆಕರೆ ಯಾರ ಕಣ್ಣಿಗೆ ಬೀಳುತ್ತೆ? ಉಳಿದ 20 ಎಕರೆ ಮುಚ್ಚೋಕೆ ಆಮೇಲೆ ಒಂಬತ್ತು ವಾರ ಸಾಕು. ವಯನಾಡಿನ ತಂಪಿಗೆ ಸ್ವಲ್ಪ ನಿಧಾನವಾದೀತು, ಆದರೆ ಲೆಕ್ಕದ ಸ್ವಭಾವ ಬದಲಾಗೋದಿಲ್ಲ. ಚಕ್ರಬಡ್ಡಿ ಹೀಗೇನೇ. ಮೊದಲ ಕಂತಿನಲ್ಲಿ ನಗ್ತೀವಿ, ಕೊನೆಗೆ ನೋಟಿಸ್ ಬರುತ್ತೆ. ಮೊದಲ ವಾರ ಒಬ್ಬ ಹುಡುಗ ಕೈಯಲ್ಲೇ ಕಿತ್ತು ದಡಕ್ಕೆ ಹಾಕಬಹುದು. ಎಂಟನೇ ತಿಂಗಳಲ್ಲಿ ಯಂತ್ರ, ಟೆಂಡರ್, ಬಿಲ್ಲು. ಎಲ್ಲ ಕಿತ್ತ ಮೇಲೂ ಕೆಸರಿನಲ್ಲಿ ಉಳಿದ ಬೀಜ ಹದಿನೈದು ಇಪ್ಪತ್ತು ವರ್ಷ ಕಾಯಬಲ್ಲದು.

2020ರ ನವೆಂಬರ್‌ನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಹತ್ತಿರ ಆವಳ ಪಾಂಡಿಯ ತೋಡು ಪೂರ್ತಿ ಗುಲಾಬಿ ಬಣ್ಣವಾಗಿತ್ತು, ನೆನಪಿದೆಯಾ? ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಫೋಟೋ ಓಡಾಡ್ತು. ಅದು 'ಮುಳ್ಳನ್ ಪಾಯಲ್', ಅಕ್ವೇರಿಯಂಗೆ ಅಂತ ಹೊರದೇಶದಿಂದ ಬಂದ ಕಬೋಂಬ. ನೋಡಲು ಬಂದ ಜನ ಸೆಲ್ಫಿ ತಗೊಂಡು, ಒಂದೊಂದು ಹಿಡಿ ಮನೆಗೂ ಒಯ್ದರು. ಕಾಂಡದ ಚೂರು ಸಾಕು ಅದಕ್ಕೆ, ಇನ್ನೊಂದು ಊರಿನಲ್ಲಿ ಚಿಗುರೋಕೆ. ವಿಜ್ಞಾನಿಗಳು ಕೂಗಿ ಹೇಳಿದರು. ಅಷ್ಟರಲ್ಲಿ ಕಾರುಗಳು ಹೊರಟಾಗಿತ್ತು.

ಔಷಧಿ ಇಲ್ಲವೇ ಅಂತ ಕೇಳ್ತೀರಿ. ಒಂದಕ್ಕೆ ಸಿಕ್ಕಿದ್ದುಂಟು. ಕುಟ್ಟನಾಡನ್ನು ಮುಚ್ಚಿದ್ದ ಆಫ್ರಿಕನ್ ಪಾಯಲ್ (ಹೆಸರಷ್ಟೇ ಆಫ್ರಿಕಾದ್ದು, ಮೂಲ ಬ್ರೆಜಿಲ್) ತಿನ್ನೋಕೆ 1982ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಸಣ್ಣ ಮೂತಿಹುಳ ತರಿಸಿದರು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ, ಅಲ್ಲಿನ ಒಂದು ಕೊಳದಲ್ಲಿ ಗೆದ್ದು, ಆಮೇಲೆ ಕೇರಳಕ್ಕೆ ಬಿಟ್ಟರು. ಕೆಲವೇ ವರ್ಷದಲ್ಲಿ ಕಾಲುವೆಗಳು ತೆರೆದವು. ಬೇರೆ ಬೆಳೆ ಮುಟ್ಟೋದಿಲ್ಲ ಅಂತ ಖಚಿತ ಮಾಡ್ಕೊಂಡ ಮೇಲೆಯೇ ಬಿಟ್ಟದ್ದು. ಕಳೆಗೆ ಅಂಥ ಹುಳ ಹುಡುಕಬಹುದು. ತಿಲಾಪಿಯಾ ಒಂದನ್ನೇ ತಿಂದು, ಪೂಕೋಡಿನ ಪರಲ್ ಬಿಡುವ ಪ್ರಾಣಿ ಯಾವುದೂ ಇಲ್ಲ.

ಇನ್ನು ಸ್ವಚ್ಛತಾ ಅಭಿಯಾನ. ಪ್ಲಾಸ್ಟಿಕ್ ಹೆಕ್ಕಿ, ನೂರು ಸಲ ಹೆಕ್ಕಿ. ಆದರೆ ಜೆಸಿಬಿ ತಂದು ದಡದ ನೈದಿಲೆ, ಜೊಂಡು, ಮುಂಡುಗದ ಪೊದೆ ಬಳಿದುಹಾಕಿ ಕಲ್ಲು ಕಟ್ಟಿದರೆ ಫೋಟೋಗೆ ಚೆಂದ, ಅಷ್ಟೇ. ಸಣ್ಣ ಮೀನು ಮೊಟ್ಟೆ ಇಡೋದು, ಅಡಗೋದು ಅಲ್ಲೇ. ಖಾಲಿ ಬಿಟ್ಟ ಜಾಗಕ್ಕೆ ಮೊದಲು ಬರೋದು ಹೊರಗಿನ ಕಳೆ. ಯಾವುದು ನಮ್ಮದು, ಯಾವುದು ಹೊರಗಿನದು ಅಂತ ಗೊತ್ತಿಲ್ಲದೆ ಗಿಡಕ್ಕೆ ಕೈ ಹಾಕಬೇಡಿ.

ಮಾಡಬೇಕಾದ್ದು ಕಷ್ಟದ್ದಲ್ಲ. ಸಾಕಿದ ಮೀನು ಬೇಡವಾದರೆ ಅಂಗಡಿಗೆ ಅಥವಾ ಇನ್ನೊಬ್ಬ ಸಾಕುವವನಿಗೆ ಕೊಡಿ. ತೊಟ್ಟಿಯ ನೀರು, ಗಿಡ ತೋಡಿಗೆ ಚೆಲ್ಲಬೇಡಿ, ಒಣಗಿದ ಮಣ್ಣಿಗೆ ಸುರಿಯಿರಿ. ಒಂದು ಕೆರೆಯಲ್ಲಿ ಹಾಕಿದ ಬಲೆಯನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸದೆ ಇನ್ನೊಂದಕ್ಕೆ ಇಳಿಸಬೇಡಿ. ಗೊತ್ತಿಲ್ಲದ ಮೀನು ಗಾಳಕ್ಕೆ ಬಿದ್ದರೆ ವಾಪಸ್ ಬಿಡಬೇಡಿ, ಫೋಟೋ ತೆಗೆದು ಮೀನುಗಾರಿಕೆ ಇಲಾಖೆಗೆ ತಿಳಿಸಿ.

ಕೊನೆಯದಾಗಿ ಒಂದು ಕೆಲಸ, ಇದು ನಮ್ಮಿಂದಲೇ ಆಗಬೇಕಾದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಮೀನು, ಹಕ್ಕಿಗಳನ್ನು ಸ್ಥಳೀಯ ಹೆಸರಿನ ಸಮೇತ ಬರೆದಿಡುವ ಜನತಾ ದಾಖಲೆ ಇಡಬೇಕು. ಇದು ಕೇರಳಕ್ಕಷ್ಟೇ ಅಲ್ಲ, ಹೊಸೂರಿಗೂ ಅಕ್ಕಲಕೋಟೆಗೂ ಒಂದೇ ಕಾಯ್ದೆ. ಪಂಚಾಯಿತಿಗೆ ಹೋಗಿ, ಆ ಪುಸ್ತಕ ತೋರಿಸಿ ಅಂತ ಕೇಳಿ. ನಮ್ಮ ಮನೆಗಳಲ್ಲಿ ಕರೆಯುವ ಹೆಸರು ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅಜ್ಜ, ಅಜ್ಜಿ, ಬಲೆ ಹಾಕುವ ಮಾವಂದಿರ ಹತ್ತಿರ ಕೂತು, ಕೆರೆಯಲ್ಲಿ ಹಿಂದೆ ಏನೇನು ಸಿಗ್ತಿತ್ತು, ಈಗ ಯಾವುದು ಸಿಗೋದಿಲ್ಲ ಅಂತ ಬರ್ಕೊಳ್ಳಿ. ಒಂದು ಪ್ರತಿ ಸಮಿತಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ. ಇನ್ನೊಂದು ನಿಮ್ಮ ಹತ್ತಿರ ಇರಲಿ.